ಅವರಿಗೂ ಒಂದು ರಾತ್ರಿ ಬಿಡಿ

2025ರ ಆ ಮೇ-ಜೂನ್ ನಿಮಗೆ ನೆನಪಿದೆ. ಬೆಳಗಾದರೆ ಹಾಸನ ಜಿಲ್ಲೆಯ ಯಾವುದೋ ಊರಿಂದ ಸುದ್ದಿ: ನಿನ್ನೆವರೆಗೆ ಚೆನ್ನಾಗಿದ್ದ ಹುಡುಗ ಎದೆ ಹಿಡಿದುಕೊಂಡು ಕುಸಿದನಂತೆ. ಹೆದರಿದ ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಾಗುತ್ತಲೇ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಹೃದಯಾಘಾತಗಳು ದಿಢೀರನೆ ಏರಿದ್ದಕ್ಕೆ ಪುರಾವೆಯಿಲ್ಲ ಎಂದಿತು. ಅಬ್ಬ ಎಂದು ನಿಟ್ಟುಸಿರಿಟ್ಟೆವು, ಮರೆತೆವು. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿತ್ತು. ತೀರಿಕೊಂಡವರಲ್ಲಿ ಶೇ. 30ಕ್ಕೂ ಹೆಚ್ಚು ಮಂದಿ ಆಟೋ, ಕ್ಯಾಬ್ ಓಡಿಸಿ ಬದುಕುತ್ತಿದ್ದವರು.

ಅವರೆಲ್ಲ ನಿದ್ದೆಗೆಟ್ಟೇ ಸತ್ತರೆಂದು ನಾನು ಹೇಳಲಾರೆ. ಸಿಗರೇಟು, ಕುಡಿತ, ಸಕ್ಕರೆ ಕಾಯಿಲೆ, ಬಿಪಿ, ತಂದೆ-ತಾತಂದಿರಿಂದ ಬಂದ ದೋಷ, ಎಲ್ಲವೂ ಇದ್ದಾವು. ಆದರೆ ಹೊತ್ತುಗೊತ್ತಿಲ್ಲದ ನಿದ್ದೆ ಎದೆಗೆ ಏನು ಮಾಡುತ್ತದೆ ಎಂಬುದು ಈಗ ಗುಟ್ಟಲ್ಲ. ನೆಮ್ಮದಿಯಾಗಿ ಮಲಗಿದ ರಾತ್ರಿ ರಕ್ತದೊತ್ತಡ ಶೇ. 10ರಿಂದ 20ರಷ್ಟು ಇಳಿಯುತ್ತದೆ. ಹಗಲೆಲ್ಲ ದುಡಿದ ಹೃದಯಕ್ಕೆ ಸಿಗುವ ಬಿಡುವು ಅದೊಂದೇ. ಇವತ್ತು ಹತ್ತಕ್ಕೆ, ನಾಳೆ ಎರಡಕ್ಕೆ, ನಾಡಿದ್ದು ಮಲಗಲೇ ಇಲ್ಲ ಎಂದಾದರೆ ಆ ಬಿಡುವೂ ತಪ್ಪುತ್ತದೆ, ಇನ್ಸುಲಿನ್ನಿನ ಮಾತನ್ನು ಮೈ ಕೇಳುವುದಿಲ್ಲ, ಅಪರಾತ್ರಿ ತಿಂದ ಪರೋಟ ಸಕ್ಕರೆಯಾಗಿ ರಕ್ತದಲ್ಲೇ ಸುತ್ತುತ್ತದೆ. ಅಮೆರಿಕದಲ್ಲಿ ಸುಮಾರು 2,000 ಜನರನ್ನು ವರ್ಷಗಟ್ಟಲೆ ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿದ್ದೆಯ ಅವಧಿ ರಾತ್ರಿಯಿಂದ ರಾತ್ರಿಗೆ ಎರಡು ಗಂಟೆಗೂ ಮೀರಿ ಏರುಪೇರಾಗುತ್ತಿದ್ದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆ ಇಮ್ಮಡಿಗಿಂತ ಹೆಚ್ಚು ಕಂಡಿತು. ಭಾನುವಾರ ಮಲಗಿ ತೀರಿಸಿಕೊಂಡರಾಯಿತು ಎನ್ನುತ್ತೇವಲ್ಲ, ಹಾಗೆ ಪೂರ್ತಿ ತೀರುವ ಸಾಲವಲ್ಲ ಇದು.

ನಿಮಗೆ ಗೊತ್ತು. ಒಂದೇ ದಿನದಲ್ಲಿ ಬೇಲೂರು, ಹಳೇಬೀಡು ಎರಡನ್ನೂ ಮುಗಿಸಿಬಿಡೋಣವೆಂದು ನಸುಕಿನ ನಾಲ್ಕಕ್ಕೇ ಬೆಂಗಳೂರು ಬಿಡುವ ನಾವು, ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರನ್ನು ಕತ್ತೆತ್ತಿ ನೋಡಿ, ಹೊಯ್ಸಳೇಶ್ವರನ ಗೋಡೆಗಳನ್ನು ಕಣ್ತುಂಬಿಕೊಂಡು, ಅವು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಹೆಮ್ಮೆಯನ್ನು ಮಕ್ಕಳಿಗೆ ಹೇಳಿ, ಅದೇ ರಾತ್ರಿ ಹಿಂದಿನ ಸೀಟಿನಲ್ಲಿ ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆಹೋಗುವಾಗ, ಸ್ಟಿಯರಿಂಗ್ ಹಿಡಿದವನು ಕೊನೆಯ ಸಲ ಮಲಗಿದ್ದು ಯಾವಾಗ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಜನ? ಅವನಾಗಿ ಹೇಳುವುದಿಲ್ಲ. ಹೇಳಿದರೆ ಮುಂದಿನ ಬಾಡಿಗೆ ಬೇರೆಯವನ ಪಾಲು.

ನಿಮಗೆ ಗೊತ್ತು. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಅರಸೀಕೆರೆಯ ಬಯಲಲ್ಲಿ ತೆಂಗಿನ ತೋಟದ ರೈತ ಟಾರ್ಚ್ ಹಿಡಿದು ಮೋಟರ್ ಹಾಕಲು ಹೋಗಲೇಬೇಕು. ಆ ಊರಿನ ಜಂಕ್ಷನ್ನಿನಲ್ಲಿ ರೈಲುಗಳು ಇರುಳೆಲ್ಲ ಹಾಯುತ್ತವೆ; ಓಡಿಸುವವರು, ಸಿಗ್ನಲ್ ಕಾಯುವವರು ಎಚ್ಚರವಿದ್ದರಷ್ಟೇ ನಾವು ಬರ್ತಿನಲ್ಲಿ ಮಗ್ಗುಲಾಗಬಹುದು. ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಕಡೆ ಆನೆ ಬಂತೆಂದರೆ ತೋಟದ ಲೈನ್ ಮನೆಯ ಕೂಲಿಯವರಿಗೆ ಕಣ್ಣು ಮುಚ್ಚುವಂತಿಲ್ಲ. ಇವರೆಲ್ಲ ಯಾವ ಹೊತ್ತಿಗೆ ಮನೆಗೆ ಬಂದರೂ ಎದ್ದು ಬಾಗಿಲು ತೆಗೆದು ಸಾರು ಬಿಸಿ ಮಾಡಿ, ಮತ್ತೆ ಐದಕ್ಕೆ ಒಲೆ ಹಚ್ಚುವ ಹೆಂಗಸಿನ ನಿದ್ದೆಯನ್ನಂತೂ ಯಾವ ಹಾಜರಿ ಪುಸ್ತಕವೂ ಬರೆದಿಟ್ಟಿಲ್ಲ. ನನ್ನನ್ನು ಹೆಚ್ಚು ನೋಯಿಸುವುದು ಅವಳ ನಿದ್ದೆಯೇ.

ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಆಗಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುತ್ತಿದೆ. ಅದು ದೊಡ್ಡ ಕೆಲಸ. ಎದೆ ಹಿಸುಕಿದಂತಾದರೆ ಗ್ಯಾಸ್ಟ್ರಿಕ್ ಎಂದು ಕೂರದೆ ಅಲ್ಲಿಗೆ ಓಡಿ. ಆದರೆ ಆ ಇಂಜೆಕ್ಷನ್ ಬರುವುದು ಎದೆ ಒಡೆದ ಮೇಲೆ. ಅದಕ್ಕೂ ಮೊದಲಿನ ರಾತ್ರಿಗಳು ನಮ್ಮ ಕೈಯಲ್ಲಿವೆ.

ನೀವು ಕೆಟ್ಟವರಲ್ಲ. ನಿಮ್ಮ ಮನೆಯ ಮಗುವಿಗೆ ನಿದ್ದೆ ಕೆಟ್ಟರೆ ಇಡೀ ಮನೆ ಪಿಸುಮಾತಿಗಿಳಿಯುತ್ತದೆ. ಅದೇ ಕರುಳನ್ನು ಹೊಸ್ತಿಲಾಚೆಗೂ ಒಯ್ಯಿರಿ. ಪಾಳಿ ಹಾಕುವ ಕುರ್ಚಿಯಲ್ಲಿದ್ದೀರಾ, ವಾರಕ್ಕೊಮ್ಮೆ ಹಗಲು-ರಾತ್ರಿ ಅದಲುಬದಲು ಮಾಡಬೇಡಿ. ವಿದ್ಯುತ್ ಇಲಾಖೆಯಲ್ಲಿದ್ದೀರಾ, ತೋಟಕ್ಕೆ ಹಗಲಲ್ಲೇ ಕರೆಂಟು ಕೊಡುವ ದಾರಿ ಹುಡುಕಿ. ಪ್ರವಾಸ ಹೊರಟಿದ್ದೀರಾ, ಒಂದು ರಾತ್ರಿ ಬೇಲೂರಿನಲ್ಲೇ ತಂಗಿ, ಡ್ರೈವರಿಗೂ ಒಂದು ಹಾಸಿಗೆ ಕೊಡಿಸಿ. ಗಾಡಿ ಹತ್ತುವ ಮೊದಲು, "ಅಣ್ಣಾ, ರಾತ್ರಿ ಮಲಗಿದ್ರಾ?" ಎಂದು ಕೇಳಿ. ಇಲ್ಲ ಎಂದರೆ ಆ ಹೊತ್ತು ಹೊರಡಬೇಡಿ.