ಭ್ರೂಣದಲ್ಲೇ ಮೊಳೆಯುವ ಕ್ಯಾನ್ಸರ್
ವೃಷಣದ ಜನನಕೋಶ ಕ್ಯಾನ್ಸರ್ ಹೆಚ್ಚಾಗಿ ಯುವಕರನ್ನು ಕಾಡಿದರೂ ಅದರ ಮೂಲ ಬಹುಮಟ್ಟಿಗೆ ಗರ್ಭಾವಸ್ಥೆಯಲ್ಲೇ ಇರುತ್ತದೆ. ಭ್ರೂಣದ ಆದಿ ಜನನಕೋಶಗಳಲ್ಲಿ ಆಕ್ಟ್-4, ನ್ಯಾನಾಗ್ ಎಂಬ ಜೀನ್‌ಗಳು ಚುರುಕಾಗಿದ್ದು, ಕೋಶ ಯಾವ ರೂಪವನ್ನಾದರೂ ತಾಳಬಲ್ಲ ಶಕ್ತಿಯನ್ನು ಕಾಯ್ದಿಡುತ್ತವೆ. ಕೋಶ ವೀರ್ಯಾಣುವಾಗುವ ದಾರಿ ಹಿಡಿದಾಗ ಈ ಜೀನ್‌ಗಳು ಸುಮ್ಮನಾಗಬೇಕು. ಹಾಗಾಗದ ಕೋಶಗಳು ವರ್ಷಗಟ್ಟಲೆ ವೃಷಣದೊಳಗೆ ಅಡಗಿದ್ದು, ಹರೆಯದ ನಂತರ ಗಡ್ಡೆಯಾಗಿ ಬೆಳೆಯಬಹುದು. ಈ ಪೂರ್ವಸ್ಥಿತಿಯನ್ನು 1972ರಲ್ಲಿ ಗುರುತಿಸಿದವರು ಡೆನ್ಮಾರ್ಕಿನ ನೀಲ್ಸ್ ಸ್ಕಾಕೆಬೆಕ್. ಬೆಳೆದ ಗಡ್ಡೆಗಳಲ್ಲಿ 12ನೇ ಕ್ರೋಮೋಸೋಮಿನ ಗಿಡ್ಡ ತೋಳಿನ ಹೆಚ್ಚುವರಿ ಪ್ರತಿಗಳು ಸಾಮಾನ್ಯ. ಬಾಲ್ಯದಲ್ಲಿ ಚೀಲಕ್ಕಿಳಿಯದ ವೃಷಣ ಅಪಾಯವನ್ನು ಹೆಚ್ಚಿಸುತ್ತದೆ. ಸಿಸ್ಪ್ಲಾಟಿನ್ ಔಷಧ ಬಂದ ಮೇಲೆ ಹರಡಿದ ರೋಗವೂ ಬಹುಪಾಲು ಗುಣವಾಗುತ್ತಿದೆ. ಇಷ್ಟಿದ್ದೂ ನಾಚಿಕೆಯಿಂದ ಚಿಕಿತ್ಸೆಗೆ ತಡಮಾಡುವುದು ದುಃಖದ ಸಂಗತಿ. ವೃಷಣದಲ್ಲಿ ನೋವಿಲ್ಲದ ಗಟ್ಟಿ ಗಂಟು ಕೈಗೆ ಸಿಕ್ಕರೂ ಕೂಡಲೇ ವೈದ್ಯರಿಗೆ ತೋರಿಸಬೇಕು.