‘ಪರವಾಗಿಲ್ಲ’ ಎನ್ನಿಸುವ ದೆವ್ವಗಳು

ಹಾರರ್ ಸಿನಿಮಾ ಸರಣಿಯೊಂದು ಹಾಳಾದದ್ದು ಹೇಗೆ ಎಂದು ಕೇಳಿದರೆ ಹೆಚ್ಚಿನವರು ಅದರ ಯಾವುದೋ ತೀರಾ ಕಳಪೆ ಭಾಗದತ್ತ ಬೆರಳು ತೋರಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಳಪೆ ಚಿತ್ರ ಮಕಾಡೆ ಮಲಗುತ್ತದೆ, ನಿರ್ಮಾಪಕ ಕೈ ಸುಟ್ಟುಕೊಳ್ಳುತ್ತಾನೆ, ನಾಲ್ಕಾರು ವರ್ಷ ಆ ಕಡೆ ಯಾರೂ ತಲೆ ಹಾಕುವುದಿಲ್ಲ. ಆಮೇಲೆ ಬರುವವರು ಹೊಸದಾಗಿ ಯೋಚಿಸಲೇಬೇಕಾಗುತ್ತದೆ. ಹೆಚ್ಚು ಅಪಾಯ ಇರುವುದು ಜನ ಚಿತ್ರಮಂದಿರದಿಂದ ಹೊರಬರುತ್ತ ‘ಪರವಾಗಿಲ್ಲ, ಒಂದ್ಸಲ ನೋಡಬಹುದು’ ಎನ್ನುವ ಚಿತ್ರದಲ್ಲಿ. ಅದು ಹಾಕಿದ ದುಡ್ಡನ್ನು ತಂದುಕೊಡುತ್ತದೆ, ಯಾರಿಗೂ ಪಾಠ ಕಲಿಸುವುದಿಲ್ಲ, ಮುಂದಿನ ಭಾಗವೂ ಅದೇ ಅಚ್ಚಿನಲ್ಲಿ ಬರುತ್ತದೆ. ಮೂರ್ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಮೊದಲ ಚಿತ್ರ ಯಾವ ಪ್ರಶ್ನೆಯ ಮೇಲೆ ನಿಂತಿತ್ತೋ ಆ ಪ್ರಶ್ನೆಯೇ ಉಳಿದಿರುವುದಿಲ್ಲ. ಇದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ, ನಾಗವಲ್ಲಿಯ ಕಥೆ ನಮ್ಮೆದುರಿಗೇ ಇದೆ.

ಫಾಜಿಲ್ ನಿರ್ದೇಶನದ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ ತೆರೆಕಂಡದ್ದು 1993ರ ಕ್ರಿಸ್‌ಮಸ್ ಹೊತ್ತಿಗೆ. ಮಧು ಮುಟ್ಟಂ ಬರೆದ ಆ ಕಥೆಯಲ್ಲಿ ಹಳೆಯ ತರವಾಡು ಮನೆ, ಬೀಗ ಜಡಿದ ಕೋಣೆ, ಕೊಲೆಯಾದ ನರ್ತಕಿ ನಾಗವಲ್ಲಿ, ರಾತ್ರಿ ಕೇಳಿಬರುವ ಗೆಜ್ಜೆಯ ಸದ್ದು ಎಲ್ಲವೂ ಇವೆ. ಇಲ್ಲದಿರುವುದು ದೆವ್ವ ಮಾತ್ರ. ಮನೆಮಂದಿ ದೆವ್ವವೆಂದು ಹೆದರುತ್ತಿರುವುದು ಗಂಗಾ ಎಂಬ ಸೊಸೆಯ ಒಡೆದ ಮನಸ್ಸಿಗೆ. ಆ ಪಾತ್ರಕ್ಕೆ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಪಿ. ವಾಸು ಅದೇ ಕಥೆಯನ್ನು 2004ರಲ್ಲಿ ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ತಂದರು. ದ್ವಾರಕೀಶ್ ನಿರ್ಮಾಣ, ವಿಷ್ಣುವರ್ಧನ್ ಮನೋವೈದ್ಯ, ಸೌಂದರ್ಯ ಗಂಗಾ. ಆ ವರ್ಷದ ಏಪ್ರಿಲ್‌ನಲ್ಲಿ ಸೌಂದರ್ಯ ವಿಮಾನ ದುರಂತದಲ್ಲಿ ತೀರಿಕೊಂಡರು, ಚಿತ್ರ ಬಿಡುಗಡೆಯಾದದ್ದು ಆಗಸ್ಟ್‌ನಲ್ಲಿ. 2005ರಲ್ಲಿ ತಮಿಳಿನ ‘ಚಂದ್ರಮುಖಿ’, 2007ರಲ್ಲಿ ಹಿಂದಿಯ ‘ಭೂಲ್ ಭುಲೈಯಾ’ ಬಂದವು. ಹಿಂದಿ ಚಿತ್ರವನ್ನು ನಿರ್ದೇಶಿಸಿದ ಪ್ರಿಯದರ್ಶನ್ ಮೂಲ ಚಿತ್ರದ ಚಿತ್ರೀಕರಣದಲ್ಲಿ ಫಾಜಿಲ್ ಅವರಿಗೆ ಕೈಜೋಡಿಸಿದ್ದವರು. ಭಾಷೆ ಬದಲಾದರೂ ಈ ನಾಲ್ಕರಲ್ಲಿ ಯಾವುದೂ ಕಥೆಯ ಜೀವಾಳವನ್ನು ಬಿಟ್ಟುಕೊಡಲಿಲ್ಲ.

ಆ ಜೀವಾಳ ಏನೆಂದು ತಿಳಿಯಲು ಒಂದು ದೃಶ್ಯ ನೋಡಿದರೆ ಸಾಕು. ಗಂಗಾ ಹೊರಗೆ ಹೊರಡಲು ಅಣಿಯಾಗಿದ್ದಾಳೆ, ಗಂಡ ಬೇಡ ಎನ್ನುತ್ತಾನೆ. ಮೊದಲು ಬೇಸರ, ಆಮೇಲೆ ಹಟ. ನೋಡನೋಡುತ್ತಿದ್ದಂತೆ ಕಣ್ಣು ಅಗಲವಾಗುತ್ತದೆ, ದನಿ ಒರಟಾಗುತ್ತದೆ, ಮಂಚವನ್ನೇ ಎತ್ತಿಬಿಡುತ್ತಾಳೆ. ನಾಗವಲ್ಲಿಯಾದಾಗ ಅವಳ ಭಾಷೆಯೂ ಬದಲಾಗುತ್ತದೆ. ಮಲಯಾಳಂ ಚಿತ್ರದಲ್ಲಿ ತಮಿಳು, ನಮ್ಮಲ್ಲಿ ತೆಲುಗು. ಅಲ್ಲಿ ಗ್ರಾಫಿಕ್ಸ್ ಇಲ್ಲ, ಗೋಡೆಯ ಮೇಲೆ ಹರಿದಾಡುವ ನೆರಳಿಲ್ಲ. ಗಂಡ ಹೆಂಡತಿಯ ನಡುವಿನ ಸಣ್ಣ ಮಾತೊಂದರಿಂದಲೇ ಆ ಭಯ ಹುಟ್ಟುತ್ತದೆ. ಕೊನೆಯಲ್ಲಿ ಮಂತ್ರವಾದಿಯೂ ವೈದ್ಯನೂ ಒಟ್ಟಿಗೆ ನಿಲ್ಲುತ್ತಾರೆ. ನಾಗವಲ್ಲಿಯ ಕೊಲೆಗಾರನೆಂದು ಅವಳು ನಂಬಿದ ಗಂಡನ ಜಾಗಕ್ಕೆ ತಿರುಗುವ ಹಲಗೆಯೊಂದರ ಮೇಲೆ ಬೊಂಬೆಯನ್ನು ತಂದು, ಅವಳ ಸೇಡು ಅದರ ಮೇಲೆ ತೀರುವಂತೆ ಮಾಡುತ್ತಾರೆ. ಆ ಹೊತ್ತಿನಲ್ಲಿ ಪ್ರೇಕ್ಷಕ ಬಯಸುವುದು ದೆವ್ವ ನಾಶವಾಗಲಿ ಎಂದಲ್ಲ, ಈ ಹೆಣ್ಣುಮಗಳು ಗುಣವಾಗಲಿ ಎಂದು. ಭಯದ ಚಿತ್ರವೊಂದು ಇಷ್ಟು ಕರುಣೆಯನ್ನು ಹುಟ್ಟಿಸುವುದು ಅಪರೂಪ. 2024ರ ಆಗಸ್ಟ್‌ನಲ್ಲಿ ‘ಮಣಿಚಿತ್ರತ್ತಾಳ್’ ಹೊಸ ಮುದ್ರಣದಲ್ಲಿ ಮರುಬಿಡುಗಡೆಯಾದಾಗ, ಗುಟ್ಟೇನೆಂದು ಚೆನ್ನಾಗಿ ಗೊತ್ತಿದ್ದ ಜನರೇ ಮತ್ತೆ ಟಿಕೆಟ್ ಕೊಂಡು ನೋಡಿದರು.

ಗಂಗಾ ಗುಣವಾದಲ್ಲಿಗೆ ಕಥೆ ಮುಗಿಯಿತು. ಮುಂದುವರಿಸಲೇಬೇಕೆಂದರೆ ಹಿಂದಿನ ಕಥೆ ಅಲ್ಲಗಳೆದದ್ದನ್ನೆಲ್ಲ ನಿಜ ಮಾಡುವುದೇ ಸುಲಭದ ದಾರಿ, ಹೆಚ್ಚಿನವರು ಹಿಡಿದದ್ದೂ ಅದನ್ನೇ. 2010ರ ‘ಆಪ್ತರಕ್ಷಕ’ದಲ್ಲಿ ನಾಗವಲ್ಲಿಯನ್ನು ಕೊಂದ ರಾಜ ವಿಜಯ ರಾಜೇಂದ್ರ ಬಹಾದ್ದೂರ್ ನೂರು ವರ್ಷ ದಾಟಿಯೂ ಸಾಧನೆಯ ಬಲದಿಂದ ಬದುಕೇ ಇದ್ದಾನೆ. ಅದು ವಿಷ್ಣುವರ್ಧನ್ ಅವರ ಕೊನೆಯ ಚಿತ್ರ, ಅವರು ತೀರಿಕೊಂಡ ಮೇಲೆ ತೆರೆಗೆ ಬಂದದ್ದು. ಜನ ಅದನ್ನು ಕಣ್ಣೀರಿಟ್ಟು ನೋಡಿದರು, ವೈದ್ಯನಾಗಿಯೂ ರಾಜನಾಗಿಯೂ ಅವರು ತೋರಿದ ಗತ್ತಿನ ಬಗ್ಗೆ ನನ್ನದೂ ತಕರಾರಿಲ್ಲ. ಆದರೆ ಅಲ್ಲಿ ಗಂಗಾಳಂಥ ಒಂದು ಜೀವ ಕಥೆಯ ಕೇಂದ್ರದಲ್ಲಿಲ್ಲ. ಅದೇ ವರ್ಷ ಆ ಕಥೆ ತೆಲುಗಿನಲ್ಲಿ ‘ನಾಗವಲ್ಲಿ’ ಆಯಿತು. 2022ರ ‘ಭೂಲ್ ಭುಲೈಯಾ 2’ರಲ್ಲಿ ಬೀಗ ಹಾಕಿದ ಕೋಣೆಯೊಳಗಿರುವುದು ನಿಜವಾದ ದೆವ್ವ. ಮೊದಲ ಚಿತ್ರದಲ್ಲಿ ಅಕ್ಷಯ್ ಕುಮಾರ್ ಮನೋವೈದ್ಯರಾಗಿ ನಿಂತಿದ್ದ ಜಾಗದಲ್ಲಿ ಈಗ ಆತ್ಮಗಳು ಕಾಣುತ್ತವೆಂದು ಸುಳ್ಳು ಹೇಳುವ ರೂಹ್ ಬಾಬಾ ಇದ್ದಾನೆ. ವೈದ್ಯನ ಕುರ್ಚಿಯಲ್ಲಿ ನಕಲಿ ಬಾಬಾನನ್ನು ಕೂರಿಸಿದ ಈ ಒಂದು ಬದಲಾವಣೆಯಲ್ಲಿ ಸರಣಿಯ ಇಳಿಜಾರು ಪೂರ್ತಿ ಕಾಣುತ್ತದೆ. ಮೂರನೆಯ ಭಾಗ 2024ರ ದೀಪಾವಳಿಗೆ ಬಂತು. ಮೊದಲ ಚಿತ್ರದ ನಾಯಕಿ ವಿದ್ಯಾ ಬಾಲನ್ ಮರಳಿದರು, ಹಳೆಯ ಹಾಡು ಮರಳಿತು. ನಡುವೆ 2023ರಲ್ಲಿ ‘ಚಂದ್ರಮುಖಿ 2’ ಬಂದು ಹೋಯಿತು, ಜನ ಕೈಹಿಡಿಯಲಿಲ್ಲ.

ಇದು ಒಬ್ಬ ನಿರ್ದೇಶಕನ ಸೋಲಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಭಯಕ್ಕೂ ಸರಣಿಗೂ ಮೊದಲಿಂದಲೇ ಹೊಂದಾಣಿಕೆಯಿಲ್ಲ. ಭಯ ಗೊತ್ತಿಲ್ಲದ್ದರಿಂದ ಹುಟ್ಟುತ್ತದೆ. ಸರಣಿ ಬದುಕುವುದು ಗೊತ್ತಿರುವುದನ್ನು ಮಾರಿ. ಜಾನ್ ಕಾರ್ಪೆಂಟರ್ 1978ರಲ್ಲಿ ಸುಮಾರು 3 ಲಕ್ಷ ಡಾಲರ್‌ನಲ್ಲಿ ಮಾಡಿದ ‘ಹ್ಯಾಲೋವೀನ್’ನಲ್ಲಿ ಮೈಕಲ್ ಮೈಯರ್ಸ್ ಯಾಕೆ ಕೊಲ್ಲುತ್ತಾನೆ ಎಂಬುದಕ್ಕೆ ಉತ್ತರವೇ ಇಲ್ಲ, ಹಾಗಾಗಿಯೇ ಅವನನ್ನು ಕಂಡರೆ ಹೆದರಿಕೆ. 1981ರ ಎರಡನೇ ಭಾಗ ನಾಯಕಿ ಅವನ ತಂಗಿ ಎಂದಿತು. 1995ರ ಹೊತ್ತಿಗೆ ಶಾಪ, ಗುಪ್ತಪಂಥ ಎಲ್ಲ ಸೇರಿಕೊಂಡವು. ಕೊನೆಗೆ 2018ರಲ್ಲಿ ಹೊಸ ತಂಡವೊಂದು ನಡುವಿನ ಕಥೆಗಳನ್ನೆಲ್ಲ ಅಳಿಸಿ ಮೊದಲ ಚಿತ್ರಕ್ಕೇ ಮರಳಬೇಕಾಯಿತು. ಅದು ಗೆದ್ದದ್ದೇ ತಡ ಮತ್ತೆರಡು ಭಾಗಗಳು ಬಂದವು, ಮತ್ತದೇ ಸವಕಲು ಹಾದಿ. ತಮಿಳಿನ ‘ಅರಣ್ಮನೈ’ 2014ರಿಂದ 2024ರವರೆಗೆ ನಾಲ್ಕು ಭಾಗ ಕಂಡಿದೆ. ದೊಡ್ಡ ಮನೆ, ಅನ್ಯಾಯವಾಗಿ ಸತ್ತ ಹೆಣ್ಣು, ಹಾಸ್ಯನಟರ ಓಡಾಟ, ಕೊನೆಗೆ ಅಮ್ಮನವರ ಹಾಡು. ‘ಕಾಂಚನಾ’ ಸರಣಿಯದೂ ಇದೇ ಪಾಕ, ಅದರ ಎರಡು ಭಾಗಗಳು ‘ಕಲ್ಪನಾ’ ಎಂಬ ಹೆಸರಿನಲ್ಲಿ ಕನ್ನಡಕ್ಕೂ ಬಂದವು. ಮೊದಲ ‘ಕಾಂಚನಾ’ ತೃತೀಯಲಿಂಗಿ ಸಮುದಾಯದ ನೋವನ್ನು ಕಥೆಯ ಒಳಗೆ ತಂದಿತ್ತು. ಮುಂದಿನ ಭಾಗಗಳಲ್ಲಿ ಕಿರುಚಾಟ ಬೆಳೆಯಿತು, ಆ ತೂಕ ಉಳಿಯಲಿಲ್ಲ.

ಜನ ದುಡ್ಡು ಕೊಟ್ಟು ನೋಡುತ್ತಿರುವಾಗ ನಿಮ್ಮದೇನು ತಕರಾರು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ‘ಭೂಲ್ ಭುಲೈಯಾ’ದ ಎರಡು ಮತ್ತು ಮೂರನೇ ಭಾಗಗಳು ಗಲ್ಲಾಪೆಟ್ಟಿಗೆಯಲ್ಲಿ ದೊಡ್ಡ ಗೆಲುವು ಕಂಡವು. ‘ಕಾಂಜ್ಯೂರಿಂಗ್’ ಸರಣಿಯಲ್ಲಿ ವಿಮರ್ಶಕರು ಮೆಚ್ಚಿದ್ದು 2013ರ ಮೊದಲ ಚಿತ್ರವನ್ನು, ಅತಿ ಹೆಚ್ಚು ಗಳಿಸಿದ್ದು 2025ರಲ್ಲಿ ಬಂದ ‘ಲಾಸ್ಟ್ ರೈಟ್ಸ್’. ಆದರೆ ಈ ಗಳಿಕೆಯ ಬಹುಪಾಲು ಹೆಸರಿನ ಮೇಲೆ ಬಂದದ್ದು. ಮೊದಲ ಮೂರು ದಿನ ಚಿತ್ರಮಂದಿರ ತುಂಬಿಸುವುದು ಹಳೆಯ ಚಿತ್ರದ ನೆನಪು, ಹೊಸ ಚಿತ್ರದ ಗುಣ ಆಗ ಇನ್ನೂ ಯಾರಿಗೂ ಗೊತ್ತಿರುವುದಿಲ್ಲ. ಅಂದರೆ ಪ್ರತಿ ಸೀಕ್ವೆಲ್ ಮೊದಲ ಚಿತ್ರ ಕೂಡಿಟ್ಟ ಗಂಟನ್ನು ಖರ್ಚು ಮಾಡುತ್ತಿದೆ. ಗಂಟಿಗೆ ಏನನ್ನೂ ಸೇರಿಸದೆ ಖರ್ಚಷ್ಟೇ ನಡೆದರೆ ಒಂದು ದಿನ ‘ಚಂದ್ರಮುಖಿ 2’ರ ಗತಿ ಬರುತ್ತದೆ.

ಒಳ್ಳೆಯ ಮುಂದುವರಿಕೆಗಳೇ ಇಲ್ಲವೆ? ಇವೆ. ‘ಫೈನಲ್ ಡೆಸ್ಟಿನೇಷನ್’ ಸರಣಿ 2011ರ ಐದನೇ ಭಾಗದ ನಂತರ 14 ವರ್ಷ ಸುಮ್ಮನಿತ್ತು. 2025ರಲ್ಲಿ ‘ಬ್ಲಡ್‌ಲೈನ್ಸ್’ ಬಂದಾಗ ವಿಮರ್ಶಕರೂ ಮೆಚ್ಚಿದರು, ಸರಣಿಯಲ್ಲೇ ಹೆಚ್ಚು ಹಣವೂ ಬಂತು. ಬಿಡುವೇ ಅದನ್ನು ಗೆಲ್ಲಿಸಿತು ಎನ್ನಲಾರೆ. ಸಾವು ಒಬ್ಬರನ್ನು ಬಿಟ್ಟರೆ ಅವರಿಂದ ಹುಟ್ಟಿದ ಇಡೀ ವಂಶವೇ ಲೆಕ್ಕಕ್ಕೆ ಸಿಗುತ್ತದೆ ಎಂಬ ಹೊಸ ಯೋಚನೆ ಅದರಲ್ಲಿತ್ತು. ಅಂಥ ಯೋಚನೆ ಹೊಳೆಯುವವರೆಗೆ ಕಾಯುವ ತಾಳ್ಮೆ ಇದ್ದರೆ ಸೀಕ್ವೆಲ್‌ಗೆ ನನ್ನ ವಿರೋಧವಿಲ್ಲ.

ಕನ್ನಡದ ಮಟ್ಟಿಗೆ ಈ ಮಾತಿಗೆ ಹೆಚ್ಚು ತೂಕವಿದೆ. ಸಣ್ಣ ಬಂಡವಾಳದ ಹೊಸಬರಿಗೆ ಹಾರರ್‌ನಷ್ಟು ಅನುಕೂಲದ ಪ್ರಕಾರ ಇನ್ನೊಂದಿಲ್ಲ. ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯನ್ನು ಅದರ ನಿರ್ದೇಶಕ ತನ್ನ ಮನೆಯಲ್ಲೇ ಸುಮಾರು 15 ಸಾವಿರ ಡಾಲರ್‌ನಲ್ಲಿ ಚಿತ್ರಿಸಿದ್ದ. ನಮ್ಮಲ್ಲೂ ಇದಕ್ಕೆ ನಿದರ್ಶನಗಳಿವೆ. ಪವನ್ ಕುಮಾರ್ 2016ರ ‘ಯು ಟರ್ನ್’ನಲ್ಲಿ ದೆವ್ವವನ್ನು ಬೆಂಗಳೂರಿನ ಫ್ಲೈಓವರ್ ಮೇಲೆ ತಂದು ನಿಲ್ಲಿಸಿದರು. ಗಾಡಿ ತಿರುಗಿಸಿಕೊಳ್ಳಲು ರಸ್ತೆ ವಿಭಜಕದ ಕಲ್ಲು ಸರಿಸಿ ಹಾಗೇ ಹೋಗಿಬಿಡುವವರು ನಾವೆಲ್ಲ ಕಂಡ ಜನ. ಆ ಸಣ್ಣ ತಪ್ಪಿಗೆ ಒಂದು ಜೀವದ ಲೆಕ್ಕ ಕೂಡಿಸಿದಾಗ ಹುಟ್ಟಿದ ಭಯಕ್ಕೆ ಹಳೆಯ ಬಂಗಲೆಯ ಹಂಗಿರಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ಅನೂಪ್ ಭಂಡಾರಿ ‘ರಂಗಿತರಂಗ’ದಲ್ಲಿ ಕರಾವಳಿಯ ಊರೊಂದರ ನಂಬಿಕೆಗಳ ನಡುವೆ ಕಥೆ ಕಟ್ಟಿ ಗೆದ್ದಿದ್ದರು. ಎರಡೂ ಯಾವ ಹಳೆಯ ಹೆಸರಿನ ಬಲವೂ ಇಲ್ಲದೆ ನಿಂತ ಚಿತ್ರಗಳು.

ಗಾಂಧಿನಗರದ ನಿರ್ಮಾಪಕರಲ್ಲಿ ನನ್ನ ಕೋರಿಕೆ ಇಷ್ಟೆ. ನಾಗವಲ್ಲಿಯ ಹೆಸರಿನಲ್ಲಿ ಮತ್ತೊಂದು ಕಥೆ ನಿಮ್ಮ ಮೇಜಿಗೆ ಬಂದರೆ, ಮೊದಲ ಚಿತ್ರದಲ್ಲಿ ಗಂಗಾಳಿಗಿದ್ದಂಥ ನೋವು ಅದರಲ್ಲಿ ಯಾರಿಗಿದೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಅದನ್ನು ಪಕ್ಕಕ್ಕಿಟ್ಟು, ಆ ಹಣದಲ್ಲಿ ಅರ್ಧವನ್ನಾದರೂ ಊರಿನ ಹೊಸ ಭಯವೊಂದನ್ನು ಹಿಡಿದು ಬಂದ ಹುಡುಗ ಹುಡುಗಿಯರ ಕೈಗೆ ಕೊಡಿ.