ಸೋರಿಯಾಸಿಸ್ ಔಷಧಿ: ಹೊಗಳಿಕೆ ಬೇಡ, ಲೆಕ್ಕ ಕೇಳಿ

ಬೆಳಗಾವಿ ನಗರದ, ಖಾನಾಪುರ ತಾಲ್ಲೂಕಿನ ಬಂಧುಗಳೇ,

ಮೊಣಕೈ, ಮೊಣಕಾಲು, ನೆತ್ತಿ, ಬೆನ್ನಿನ ಮೇಲೆ ಚರ್ಮ ಕೆಂಪಗೆ ದಪ್ಪಗಾಗಿ ಬೆಳ್ಳಗಿನ ಹೊಟ್ಟು ಉದುರುವ ಸೋರಿಯಾಸಿಸ್ ಮುಟ್ಟಿದರೆ ಬರುವ ರೋಗವಲ್ಲ. ಕುಷ್ಠವಲ್ಲ, ಗಜಕರ್ಣವಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿತಪ್ಪಿ ಚರ್ಮವನ್ನು ಅವಸರಪಡಿಸುತ್ತದೆ. ತಿಂಗಳ ಹೊತ್ತು ತೆಗೆದುಕೊಂಡು ಬೆಳೆದು ಉದುರಬೇಕಾದ ಚರ್ಮ ಕೆಲವೇ ದಿನಗಳಲ್ಲಿ ಮೇಲೆ ಬಂದು ಪದರ ಪದರವಾಗಿ ನಿಲ್ಲುತ್ತದೆ. ಇದನ್ನು ಬುಡಸಮೇತ ಕಿತ್ತೊಗೆಯುವ ಮದ್ದು ಜಗತ್ತಿನಲ್ಲೆಲ್ಲೂ ಇಲ್ಲ. ಹತೋಟಿಯಲ್ಲಿಡುವ ಮದ್ದುಗಳಿವೆ, ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಯಾವುದು ಎಷ್ಟು ಕೆಲಸ ಮಾಡುತ್ತದೆ ಎಂಬ ಲೆಕ್ಕವೂ ಇದೆ. ಆ ಲೆಕ್ಕ ರೋಗಿಯ ಕೈಗೆ ಸಿಗಬೇಕು ಎಂಬುದೇ ನಮ್ಮ ಒತ್ತಾಯ.

ಚರ್ಮವೈದ್ಯರು ಈ ರೋಗಕ್ಕೆ ಸೊನ್ನೆಯಿಂದ 72ರವರೆಗೆ ಅಂಕ ಕೊಡುತ್ತಾರೆ. ಎಷ್ಟು ಕೆಂಪು, ಎಷ್ಟು ದಪ್ಪ, ಎಷ್ಟು ಹೊಟ್ಟು, ಮೈಯ ಎಷ್ಟು ಭಾಗದಲ್ಲಿದೆ ಎಂದು ನೋಡಿ ಹಾಕುವ ಈ ಅಂಕಕ್ಕೆ ಪಾಸಿ ಎನ್ನುತ್ತಾರೆ. ಔಷಧಿ ಕೊಟ್ಟ ಮೇಲೆ ಈ ಅಂಕ ಮುಕ್ಕಾಲು ಪಾಲು ಇಳಿದರೆ ರೋಗಿಗೆ ಗುಣ ಕಂಡಿತು ಎಂದು ಹಿಡಿಯುವುದು ವಾಡಿಕೆ. ಮುಂದೆ ನಾವು 'ನೂರರಲ್ಲಿ ಇಷ್ಟು ಮಂದಿಗೆ ಗುಣ' ಎಂದಲ್ಲೆಲ್ಲ ಅರ್ಥ ಇದೇ.

ಮೊದಲು ತಿಳಿಯಬೇಕಾದದ್ದು ಹುಸಿ ಮದ್ದಿನ ಲೆಕ್ಕ. 2008ರಲ್ಲಿ ಪ್ರಕಟವಾದ ಚಾಂಪಿಯನ್ ಎಂಬ ಪರೀಕ್ಷೆಯಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಅಡಾಲಿಮುಮಾಬ್ ಇಂಜೆಕ್ಷನ್, ಇನ್ನೊಂದಕ್ಕೆ ಮೆಥೊಟ್ರೆಕ್ಸೇಟ್ ಮಾತ್ರೆ, ಮೂರನೆಯದಕ್ಕೆ ಔಷಧಿಯೇ ಇಲ್ಲದ ಹುಸಿ ಮದ್ದು. 16 ವಾರಗಳ ಬಳಿಕ ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ ಸುಮಾರು 80, ಮಾತ್ರೆ ನುಂಗಿದವರಲ್ಲಿ ಸುಮಾರು 36 ಮಂದಿಗೆ ಗುಣ ಕಂಡಿತು. ಏನೂ ಇಲ್ಲದ ಮದ್ದು ತೆಗೆದುಕೊಂಡವರಲ್ಲೂ 19 ಮಂದಿಗೆ ಗುಣವಾಗಿತ್ತು!

ಈ 19ರ ಸಂಖ್ಯೆಯನ್ನು ದಯವಿಟ್ಟು ಮರೆಯಬೇಡಿ. 'ನಮ್ಮ ಅಕ್ಕನ ಗಂಡನಿಗೆ ಆ ಪುಡಿಯಿಂದ ಪೂರ್ತಿ ಹೋಯಿತು' ಎಂಬ ಮಾತು ಹುಟ್ಟುವುದು ಇಲ್ಲಿಯೇ. ಈ ರೋಗ ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ. ಚಳಿಗಾಲದ ಒಣ ಗಾಳಿಗೆ ಬಹಳ ಮಂದಿಗೆ ಹೆಚ್ಚುತ್ತದೆ, ಬಿಸಿಲು ಬಿದ್ದರೆ ತಗ್ಗುತ್ತದೆ. ಆಸ್ಪತ್ರೆಗಳಲ್ಲಿ 311 ನ್ಯಾನೋಮೀಟರ್ ಅಲೆಯ ನೇರಳಾತೀತ ಬೆಳಕನ್ನು ಅಳತೆಮಾಡಿ ಕೊಡುವ ಚಿಕಿತ್ಸೆ ನಿಂತಿರುವುದೂ ಬಿಸಿಲಿನ ಇದೇ ಶಕ್ತಿಯ ಮೇಲೆ. ಡಿಸೆಂಬರ್ ಚಳಿಯಲ್ಲಿ ರೋಗ ಉಲ್ಬಣಿಸಿದಾಗ ಪುಡಿ ಶುರು ಮಾಡಿದವರಿಗೆ ಏಪ್ರಿಲ್ ಹೊತ್ತಿಗೆ ಮೈ ತಿಳಿಯಾದರೆ ಹೆಸರು ಪುಡಿಗೆ ಬರುತ್ತದೆ, ಕೆಲಸ ಬಿಸಿಲಿನದು. ಕಣಕುಂಬಿ, ಜಾಂಬೋಟಿ ಕಡೆಯ ಮಳೆಯಲ್ಲಿ ವಾರಗಟ್ಟಲೆ ಬಿಸಿಲು ಕಾಣದಿದ್ದಾಗ ರೋಗ ಮತ್ತೆ ಮರಳಿದರೆ ತಪ್ಪು ಪಥ್ಯದ ತಲೆಗೆ ಕಟ್ಟಲಾಗುತ್ತದೆ. ಆದ್ದರಿಂದ ಯಾವ ಮದ್ದಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಹುಸಿ ಮದ್ದಿನ ಎದುರು ಇಟ್ಟು ನೋಡಿದ್ದೀರಾ, ಎಷ್ಟು ವಾರದಲ್ಲಿ ನೂರರಲ್ಲಿ ಎಷ್ಟು ಮಂದಿಗೆ ಗುಣವಾಯಿತು?

ಮೈತುಂಬ ಹರಡಿದ ರೋಗಕ್ಕೆ ನಮ್ಮಂಥವರ ಕೈಗೆಟಕುವ ಔಷಧಿ ಮೆಥೊಟ್ರೆಕ್ಸೇಟ್. ಚಾಂಪಿಯನ್ ಪರೀಕ್ಷೆಯ 36 ನೋಡಿ ಇದು ದುರ್ಬಲ ಎಂದುಕೊಳ್ಳಬೇಡಿ. ಅಲ್ಲಿ ಕಡಿಮೆ ಡೋಸಿನಿಂದ ಶುರುಮಾಡಿ ನಿಧಾನವಾಗಿ ಏರಿಸಿದ್ದರು. 2003ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವೈದ್ಯರು ಇದನ್ನು ಸೈಕ್ಲೋಸ್ಪೋರಿನ್ ಎಂಬ ಔಷಧಿಯ ಜೊತೆ ಹೋಲಿಸಿದಾಗ 16 ವಾರಕ್ಕೆ ಇದರಿಂದ ನೂರಕ್ಕೆ 60, ಸೈಕ್ಲೋಸ್ಪೋರಿನ್‌ನಿಂದ 71 ಮಂದಿಗೆ ಗುಣ ಕಂಡಿತ್ತು. ಎರಡರ ಅಂತರ ಖಚಿತವೆನ್ನುವಷ್ಟು ದೊಡ್ಡದಿರಲಿಲ್ಲ. ಸೈಕ್ಲೋಸ್ಪೋರಿನ್ ಬೇಗ ಹಿಡಿಯುತ್ತದೆ ನಿಜ, ಆದರೆ ಮೂತ್ರಪಿಂಡ ಮತ್ತು ರಕ್ತದೊತ್ತಡದ ಭಯದಿಂದ ಅದನ್ನು ದೀರ್ಘಕಾಲ ಕೊಡುವಂತಿಲ್ಲ. ಅಪ್ರೆಮಿಲಾಸ್ಟ್ ಎಂಬ ಹೊಸ ಮಾತ್ರೆಯ ದೊಡ್ಡ ಪರೀಕ್ಷೆಯಲ್ಲಿ 16 ವಾರಕ್ಕೆ ಗುಣ ಕಂಡದ್ದು ನೂರಕ್ಕೆ 33 ಮಂದಿಗೆ. ಹೊಸದು, ದುಬಾರಿ ಎಂದ ಮಾತ್ರಕ್ಕೆ ಹಳೆಯದಕ್ಕಿಂತ ಬಲವಾದದ್ದೆಂದು ನಂಬಬೇಕಾಗಿಲ್ಲ.

ಆದರೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಔಷಧಿ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತದ ಕಣಗಳು ಕುಸಿದು ಜೀವಕ್ಕೇ ಸಂಚಕಾರ. 2.5 ಮಿಲಿಗ್ರಾಂನ ಪುಟ್ಟ ಮಾತ್ರೆ ಬೇರೆ ಮಾತ್ರೆಗಳ ಜೊತೆ ಒಂದೇ ಡಬ್ಬಿಯಲ್ಲಿ ಬಿದ್ದಿದ್ದರೆ ಕಣ್ಣು ಮಂಜಾದ ಅಜ್ಜಿಗೆ ಗುರುತು ಸಿಗುವುದಿಲ್ಲ. ಅದನ್ನು ಬೇರೆ ಡಬ್ಬಿಯಲ್ಲಿಡಿ. ನಿಮ್ಮೂರ ಸಂತೆಯ ದಿನಕ್ಕೇ ಗೊತ್ತುಮಾಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮನೆಯವರೊಬ್ಬರು ಕೈಯಾರೆ ಕೊಡಿ. ಫೋಲಿಕ್ ಆಮ್ಲದ ಮಾತ್ರೆಯನ್ನು ವೈದ್ಯರು ಹೇಳಿದ ದಿನ ತಪ್ಪಿಸಬೇಡಿ. ರಕ್ತ, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆ ಆಗಾಗ ಆಗಲೇಬೇಕು. ಕುಡಿತ ಬಿಡಬೇಕು. ಬಸುರಿಯರು ಇದನ್ನು ತೆಗೆದುಕೊಳ್ಳುವಂತಿಲ್ಲ. ಮಗುವಿನ ಯೋಚನೆಯಿದ್ದರೆ ಗಂಡಾಗಲಿ ಹೆಣ್ಣಾಗಲಿ ತಿಂಗಳುಗಳ ಮೊದಲೇ ವೈದ್ಯರಿಗೆ ತಿಳಿಸಿ.

ಇನ್ನು ಅಡಾಲಿಮುಮಾಬ್‌ನಂಥ ಜೈವಿಕ ಇಂಜೆಕ್ಷನ್‌ಗಳು. ಇವುಗಳ ಬಲ ದೊಡ್ಡದು. 2014ರ ಫಿಕ್ಸ್‌ಚರ್ ಪರೀಕ್ಷೆಯಲ್ಲಿ 12 ವಾರಕ್ಕೆ ಸೆಕುಕಿನುಮಾಬ್‌ನಿಂದ ನೂರಕ್ಕೆ 77, ಎಟನರ್‌ಸೆಪ್ಟ್‌ನಿಂದ 44, ಹುಸಿ ಮದ್ದಿನಿಂದ 5 ಮಂದಿಗೆ ಗುಣ. ಎಲ್ಲ ಇಂಜೆಕ್ಷನ್ ಒಂದೇ ಅಲ್ಲ ಎಂಬುದನ್ನೂ ಇದೇ ಲೆಕ್ಕ ತೋರಿಸುತ್ತದೆ. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ 2013ರಲ್ಲಿ ಇಟೊಲಿಝುಮಾಬ್ ಬಿಡುಗಡೆ ಮಾಡಿತು. ಕನ್ನಡನಾಡಿನಿಂದ ಹೊರಟ ಔಷಧಿ ಎಂದು ನಮಗೂ ಹೆಮ್ಮೆಯಿದೆ. ಆದರೂ ಅದರ ಪರೀಕ್ಷೆಯಲ್ಲಿ 12 ವಾರಕ್ಕೆ ಗುಣ ಕಂಡದ್ದು ಒಂದು ಗುಂಪಿನಲ್ಲಿ ನೂರಕ್ಕೆ 27, ಇನ್ನೊಂದರಲ್ಲಿ 36 ಮಂದಿಗೆ. ಬೇರೆ ಬೇರೆ ಪರೀಕ್ಷೆಗಳ ಅಂಕಿಗಳನ್ನು ಎದುರುಬದುರಿಟ್ಟು ತೀರ್ಪು ಕೊಡಬಾರದು, ಆದರೆ ಹೆಮ್ಮೆಯೂ ತೀರ್ಪಾಗಬಾರದು. ಬಲವಾದ ಇಂಜೆಕ್ಷನ್‌ಗಳ ವರ್ಷದ ಖರ್ಚು ಲಕ್ಷ ದಾಟುವುದುಂಟು. ಅವನ್ನು ಶುರುಮಾಡುವ ಮೊದಲು ಕ್ಷಯದ ಪರೀಕ್ಷೆ ಕಡ್ಡಾಯವಾಗಿ ಆಗಬೇಕು. ಮೈಯಲ್ಲಿ ಮಲಗಿರುವ ಕ್ಷಯ, ಮುಖ್ಯವಾಗಿ ಅಡಾಲಿಮುಮಾಬ್ ಜಾತಿಯ ಔಷಧಿಗಳಿಂದ, ಎದ್ದು ಕೂರಬಲ್ಲದು. ಮೆಥೊಟ್ರೆಕ್ಸೇಟ್ ಮತ್ತು ಬೆಳಕಿನ ಚಿಕಿತ್ಸೆಯನ್ನು ಸರಿಯಾಗಿ ಕೊಟ್ಟು ನೋಡದೆ ಹೊಲ ಮಾರಿಸುವ ಇಂಜೆಕ್ಷನ್ ಬರೆದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ಅಂಕದ ಅಳತೆಗೂ ಒಂದು ಕೊರತೆಯಿದೆ. ಖಾನಾಪುರದ ಹೆಂಚು, ಇಟ್ಟಿಗೆ ಭಟ್ಟಿಗಳಲ್ಲಿ ದುಡಿಯುವವರ, ಕುಂಬಾರರ ಅಂಗೈ ಬಿರಿದರೆ ಮೈಯ ಲೆಕ್ಕದಲ್ಲಿ ಅದು ಚೂರು ಜಾಗ, ಅಂಕ ಕಡಿಮೆ. ಆದರೆ ಅವರ ದಿನಗೂಲಿಯೇ ಆ ಅಂಗೈ. ಉಜ್ಜಿದ, ತರಚಿದ ಕಡೆಯೇ ಸೋರಿಯಾಸಿಸ್ ಹೊಸದಾಗಿ ಏಳುತ್ತದೆ ಎಂಬುದೂ ಹತ್ತೊಂಬತ್ತನೇ ಶತಮಾನದಿಂದ ಗೊತ್ತಿರುವ ಸಂಗತಿ. ಅಂಥವರನ್ನು 'ಸ್ವಲ್ಪ ಇದೆ' ಎಂದು ಕಳಿಸಬಾರದು. ಬೆರಳ ಗಂಟು ಬಾತು, ಬೆಳಗ್ಗೆ ಕೈ ಮಡಿಸಲಾಗದಿದ್ದರೆ ರೋಗ ಕೀಲಿಗಿಳಿದಿರಬಹುದು. ಮುಲಾಮು ಅಲ್ಲಿಗೆ ಮುಟ್ಟುವುದಿಲ್ಲ.

ಮುಲಾಮಿನ ಮಾತು ಬಂದಿತು. ಸಣ್ಣ ಜಾಗಕ್ಕೆ ವೈದ್ಯರು ಅಳತೆಯಾಗಿ ಬರೆದ ಸ್ಟಿರಾಯ್ಡ್ ಮುಲಾಮು, ಕ್ಯಾಲ್ಸಿಪೊಟ್ರಿಯೋಲ್ ಜೊತೆಗಿದ್ದರೆ ಇನ್ನೂ ಚೆನ್ನಾಗಿ, ಕೆಲಸ ಮಾಡುತ್ತದೆ. ಸ್ಟಿರಾಯ್ಡ್, ಆ್ಯಂಟಿಬಯಾಟಿಕ್, ಶಿಲೀಂಧ್ರದ ಮದ್ದು ಮೂರನ್ನೂ ಕಲಸಿದ ಟ್ಯೂಬನ್ನು ಅಂಗಡಿಯಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ಬಳಿದರೆ ಚರ್ಮ ಸವೆಯುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಲೇಬಲ್ ಇಲ್ಲದ ಪುಡಿ, ಗುಳಿಗೆ ಎರಡೇ ದಿನದಲ್ಲಿ ಪವಾಡ ಮಾಡಿದರೆ ಒಳಗೆ ಸ್ಟಿರಾಯ್ಡ್ ಇದೆಯೆಂದು ಶಂಕಿಸಿ. ನಿಲ್ಲಿಸಿದಾಗ ಮೈಯೆಲ್ಲ ಕೆಂಡದಂತಾಗಿ ಕೀವುಗುಳ್ಳೆ ಏಳಬಹುದು. ಆಗ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ.

ಗಿಡಮೂಲಿಕೆಯ ಮೇಲೆ ನಮಗೆ ಹಗೆಯಿಲ್ಲ. ತೈವಾನಿನ ವೈದ್ಯರು 2008ರಲ್ಲಿ ನೀಲಿ ಗಿಡದಿಂದ ಮಾಡಿದ ಮುಲಾಮನ್ನು 42 ರೋಗಿಗಳ ಒಂದು ಬದಿಯ ಕಲೆಗೆ, ಬರೀ ಮುಲಾಮನ್ನು ಇನ್ನೊಂದು ಬದಿಯ ಕಲೆಗೆ ಹಚ್ಚಿ ನೋಡಿದರು. ನೀಲಿ ಹಚ್ಚಿದ ಕಡೆ 31 ಮಂದಿಗೆ ಕಲೆ ಪೂರ್ತಿ ಅಥವಾ ಬಹುಪಾಲು ಹೋಯಿತು. ಲೆಕ್ಕ ಕೊಟ್ಟ ಮದ್ದನ್ನು ಯಾರಾದರೂ ಗೌರವಿಸುತ್ತಾರೆ. ನೆಹರೂ ನಗರದಲ್ಲಿ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆ, ಶಹಾಪುರದಲ್ಲಿ ಕೆಎಲ್‌ಇ ಆಯುರ್ವೇದ ಕಾಲೇಜು ಇರುವ ಊರು ನಮ್ಮದು. ಪಶ್ಚಿಮಘಟ್ಟದ ಕಾಡು ಪಕ್ಕದಲ್ಲೇ ಇದೆ. ನಾಟಿ ಮದ್ದುಗಳನ್ನು ಹೀಗೆ ಒಂದು ಬದಿಗೆ ಹಚ್ಚಿ ಪರೀಕ್ಷಿಸುವ ಕೆಲಸ ಬೆಳಗಾವಿಯಲ್ಲೇ ನಡೆಯಲಿ.

ಇನ್ನು ನಮ್ಮ ಬೇಡಿಕೆಗಳು. ಖಾನಾಪುರ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಚರ್ಮತಜ್ಞರು ಸಿಗುವುದು ಖಾತ್ರಿಯಾಗಬೇಕು. ಮೆಥೊಟ್ರೆಕ್ಸೇಟ್, ಫೋಲಿಕ್ ಆಮ್ಲ ಮತ್ತು ಅದಕ್ಕೆ ಬೇಕಾದ ರಕ್ತಪರೀಕ್ಷೆ ಅಲ್ಲೇ ಉಚಿತವಾಗಿ ಸಿಗಬೇಕು. ಲೋಂಡಾದ ಕೂಲಿಯವರು ರಕ್ತ ಕೊಡಲು ಬೆಳಗಾವಿಗೆ ಹೋಗಿ ದಿನದ ಸಂಬಳ ಕಳೆದುಕೊಂಡರೆ ಎರಡನೇ ಸಲ ಹೋಗುವುದಿಲ್ಲ. ಬಿಮ್ಸ್ ಜಿಲ್ಲಾಸ್ಪತ್ರೆಯಲ್ಲಿ ಬೆಳಕಿನ ಚಿಕಿತ್ಸೆ ಬಡವರಿಗೆ ತಪ್ಪದೆ ದೊರೆಯಬೇಕು. ಪ್ರತಿ ರೋಗಿಯ ಚೀಟಿಯ ಮೇಲೆ ಶುರುವಿನ ಅಂಕ ಮತ್ತು 16ನೇ ವಾರದ ಅಂಕ ಬರೆದಿರಬೇಕು.

ನಾಳೆ ಆಸ್ಪತ್ರೆಗೆ ಹೋದಾಗ ನಿಮ್ಮ ಅಂಕ ಬರೆಸಿಕೊಳ್ಳಿ. ನಡೆಯುತ್ತಿರುವ ಔಷಧಿಯನ್ನು ಈ ಕರಪತ್ರ ಓದಿ ನೀವಾಗಿ ನಿಲ್ಲಿಸಬೇಡಿ, ಬದಲಿಸಬೇಡಿ, ವೈದ್ಯರನ್ನು ಕೇಳಿ. ಓದಿದ ಮೇಲೆ ಪಕ್ಕದ ಮನೆಗೆ ಕೊಡಿ, ಮರಾಠಿ ಮಾತಾಡುವ ನೆರೆಯವರಿಗೂ ಹೇಳಿ.